ಲೆಕ್ಕಕ್ಕುಂಟು, ಆಟಕ್ಕಿಲ್ಲ: ಮಕ್ಕಳ ಸಾಫ್ಟ್‌ಬಾಲ್‌ನಲ್ಲಿ ಗೆಲುವು ಮತ್ತು ಕ್ರೀಡಾಮನೋಭಾವ

ಮಕ್ಕಳ ಸಾಫ್ಟ್‌ಬಾಲ್ ತಂಡದ ತರಬೇತುದಾರರು ಪಂದ್ಯಕ್ಕೆ ಮೊದಲು ಅಂಪೈರರ ಕೈಗೆ ಒಂದು ಪಟ್ಟಿ ಕೊಡಬೇಕು. ಬಸ್ಸು ಹತ್ತಿ ಬಂದ ಮಕ್ಕಳು ಹದಿನೈದೋ ಹದಿನಾರೋ ಇರುತ್ತಾರೆ. ಮೈದಾನಕ್ಕೆ ಇಳಿಯುವವರು ಒಂಬತ್ತು ಮಂದಿ. ಉಳಿದವರು ಅವತ್ತು ಆಡುತ್ತಾರೋ ಇಲ್ಲವೋ, ಆಡಿದರೆ ಯಾವಾಗ, ಯಾವ ಜಾಗದಲ್ಲಿ ಎಂಬುದೆಲ್ಲ ಪಟ್ಟಿ ಬರೆಯುವವರಿಗೆ ಬಿಟ್ಟದ್ದು. ಗೆಲುವು ದೊಡ್ಡದೋ ಕ್ರೀಡಾಮನೋಭಾವ ದೊಡ್ಡದೋ ಎಂಬ ಹಳೆಯ ಚರ್ಚೆ ಸಾಮಾನ್ಯವಾಗಿ ಪಂದ್ಯ ಮುಗಿದ ಮೇಲಿನ ಕೈಕುಲುಕಾಟಕ್ಕೆ ಬಂದು ನಿಲ್ಲುತ್ತದೆ. ಮಕ್ಕಳ ಆಟದಲ್ಲಿ ಅದು ಅದಕ್ಕಿಂತ ಬಹಳ ಮೊದಲೇ, ಈ ಪಟ್ಟಿ ಬರೆಯುವಾಗಲೇ ಶುರುವಾಗಿರುತ್ತದೆ.

ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಹುಟ್ಟಿತು. ಚಳಿಗಾಲದಲ್ಲಿ ಸೂರಿನಡಿ ಆಡಲು ಬೇಸ್‌ಬಾಲನ್ನೇ ತಿದ್ದಿ ಮಾಡಿಕೊಂಡ ಆಟ ಅದು. ಈಗಿನ ಚೆಂಡು ಹೆಸರಿಗಷ್ಟೇ ಮೃದು. ಅದರ ಸುತ್ತಳತೆ 12 ಇಂಚು, ಕ್ರಿಕೆಟ್ ಚೆಂಡಿನದು ಸುಮಾರು 9 ಇಂಚು. ಪಿಚರ್ ತೋಳನ್ನು ಕೆಳಗಿನಿಂದ ಬೀಸಿ ಚೆಂಡು ಎಸೆಯಬೇಕು. ಹೊಡೆದವರು ಒಂದೊಂದಕ್ಕೆ 60 ಅಡಿ ಅಂತರದ ಬೇಸ್‌ಗಳನ್ನು ಸುತ್ತಿ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಮೂವರು ಔಟಾದರೆ ಸರದಿ ಬದಲು. ಎರಡೂ ತಂಡಗಳ ಸರದಿ ಮುಗಿದರೆ ಒಂದು ಇನಿಂಗ್ಸ್, ಇಂಥ ಏಳು ಇನಿಂಗ್ಸ್‌ಗೆ ಒಂದು ಪಂದ್ಯ. ಭಾರತದಲ್ಲಿ ಈ ಆಟದ ಸಂಘ 1961ರಲ್ಲಿ ಹುಟ್ಟಿತು. ಮಹಾರಾಷ್ಟ್ರ ಇದರಲ್ಲಿ ಮೊದಲಿನಿಂದಲೂ ಬಲವಾದ ರಾಜ್ಯ. ಅಲ್ಲಿನ ಶಾಲಾ ಕ್ರೀಡಾಕೂಟಗಳಲ್ಲಿ 14, 17 ಮತ್ತು 19 ವರ್ಷದೊಳಗಿನ ಹುಡುಗ ಹುಡುಗಿಯರಿಗೆ ಬೇರೆಬೇರೆ ಪಂದ್ಯಗಳು ನಡೆಯುತ್ತವೆ.

ಅಮೆರಿಕದಲ್ಲಿ ಓಣಿ ಓಣಿಗೂ ಮನರಂಜನೆಗಾಗಿಯೇ ನಡೆಯುವ ಲೀಗ್‌ಗಳಿವೆ. ಮಕ್ಕಳ ಅಪ್ಪನೋ ಅಮ್ಮನೋ ಸಂಜೆ ಹೊತ್ತು ತರಬೇತುದಾರರಾಗುತ್ತಾರೆ. ಮಹಾರಾಷ್ಟ್ರದ ಗಡಿಭಾಗವಾದ ಸೊಲ್ಲಾಪುರ, ಅಕ್ಕಲಕೋಟದ ಕಡೆ ಅಂಥ ವ್ಯವಸ್ಥೆ ಬೆಳೆದಿಲ್ಲ. ಇಲ್ಲಿ ಮಕ್ಕಳ ಆಟ ಎಂದರೆ ಶಾಲೆಯ ತಂಡ, ತರಬೇತುದಾರ ಎಂದರೆ ಪಿ.ಟಿ. ಸರ್. ಜಿಲ್ಲಾ ಪರಿಷತ್ತಿನ ಕನ್ನಡ ಅಥವಾ ಮರಾಠಿ ಪ್ರಾಥಮಿಕ ಶಾಲೆಯಾದರೆ ಗಣಿತ ಕಲಿಸುವ ಗುರುಗಳೇ ಸೀಟಿ ಊದುವುದೂ ಉಂಟು. ಖೋ-ಖೋ, ಕಬಡ್ಡಿಗೆ ನೆಲ ಇದ್ದರೆ ಸಾಕು. ಸಾಫ್ಟ್‌ಬಾಲ್‌ಗೆ ಕೈಗವಸು, ಬ್ಯಾಟು, ಬ್ಯಾಟು ಬೀಸುವವರ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರಿಗೆ ಮುಖಕವಚ ಬೇಕು. ಕೂಟಗಳ ಕಾಲವಾದ ಮಳೆಗಾಲದಲ್ಲಿ ಎರೆಮಣ್ಣಿನ ಮೈದಾನ ಕಾಲಿಗೆ ಅಂಟುವುದು ಬೇರೆ. ಇಷ್ಟೆಲ್ಲ ಹೊಂದಿಸಿ ತಂಡ ಕಟ್ಟಿದ ಶಿಕ್ಷಕರಿಗೆ ಗೆಲ್ಲುವ ಆಸೆ ಇರುವುದು ಸಹಜ.

ಆಸೆಗೆ ವ್ಯವಸ್ಥೆಯ ಒತ್ತಡವೂ ಸೇರುತ್ತದೆ. ಜಿಲ್ಲೆಯಲ್ಲಿ ಗೆದ್ದವರು ಪುಣೆ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಏರಬೇಕು. ಪಂದ್ಯಗಳು ಸಾಮಾನ್ಯವಾಗಿ ನಾಕ್‌ಔಟ್ ಪದ್ಧತಿಯವು. ಒಮ್ಮೆ ಸೋತರೆ ಆ ವರ್ಷದ ಕಥೆ ಮುಗಿಯಿತು, ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಹೋದದ್ದು ಒಂದೇ ಪಂದ್ಯಕ್ಕೆ. ಇದರ ಮೇಲೆ, ರಾಜ್ಯ ಮಂಡಳಿಯ ಹತ್ತು ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗಳಲ್ಲಿ ಕ್ರೀಡಾಪಟುಗಳಿಗೆ ಅವರು ಮುಟ್ಟಿದ ಮಟ್ಟ ನೋಡಿ ಹೆಚ್ಚುವರಿ ಅಂಕ ಸಿಗುತ್ತದೆ. ಸರಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇ. 5 ಮೀಸಲಾತಿ ಇದೆ. ಒಂದು ಪ್ರಮಾಣಪತ್ರದಿಂದ ಕೂಲಿಕಾರರ ಮನೆಯ ಮಗಳಿಗೆ ಪೊಲೀಸ್ ನೌಕರಿಯ ದಾರಿ ತೆರೆಯಬಹುದಾದರೆ, ‘ಗೆಲುವು ಮುಖ್ಯವಲ್ಲ’ ಎಂದು ಆಕೆಗೆ ಹೇಳುವುದು ಹೊಟ್ಟೆ ತುಂಬಿದವರ ಮಾತಾದೀತು. ಅದೇ ಪ್ರಮಾಣಪತ್ರದ ಆಸೆಗೆ ಸುಳ್ಳು ಪತ್ರಗಳು ಸೃಷ್ಟಿಯಾದ ಪ್ರಕರಣಗಳೂ ಮಹಾರಾಷ್ಟ್ರದಲ್ಲಿ ಬಯಲಾಗಿವೆ ಎನ್ನುವುದನ್ನೂ ಮರೆಯುವಂತಿಲ್ಲ.

ಹಾಗಾದರೆ ಗೆಲುವಿಗಾಗಿ ಆಡಿಸುವುದರಲ್ಲಿ ತಪ್ಪು ಎಲ್ಲಿದೆ? ಸಾಫ್ಟ್‌ಬಾಲ್‌ನ ಒಳಗೇ ಉತ್ತರ ಹುಡುಕಬೇಕು. ಎಳೆಯರ ಪಂದ್ಯವನ್ನು ಹೆಚ್ಚಾಗಿ ಗೆಲ್ಲಿಸುವುದು ಒಬ್ಬ ಪಿಚರ್. ನೇರವಾಗಿ, ಜೋರಾಗಿ ಎಸೆಯಬಲ್ಲ ಒಂದು ಮಗು ಸಿಕ್ಕರೆ ಎದುರಿನವರು ಚೆಂಡು ಮುಟ್ಟುವುದೇ ಕಷ್ಟ. ತರಬೇತುದಾರರು ಅದೇ ಮಗುವಿನಿಂದ ಪಂದ್ಯದ ಮೇಲೆ ಪಂದ್ಯ ಪಿಚಿಂಗ್ ಮಾಡಿಸುತ್ತಾರೆ. ಕೆಳಗಿನಿಂದ ಎಸೆಯುವ ತೋಳಿಗೆ ನೋವಾಗದು ಎಂಬ ನಂಬಿಕೆ ಬೇರೆ. ತೋಳನ್ನು ಪೂರ್ತಿ ಸುತ್ತಿಸಿ ಎಸೆಯುವ ಶೈಲಿಯಲ್ಲಿ ಭುಜದ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಇತ್ತ ಎಂಟು ಮಂದಿ ನಿಂತು ನೋಡುತ್ತಾರೆ, ಅದರಲ್ಲೂ ಚೆಂಡು ವಿರಳವಾಗಿ ಬರುವ ರೈಟ್ ಫೀಲ್ಡ್‌ಗೆ ತಂಡದ ಅತಿ ದುರ್ಬಲ ಆಟಗಾರರನ್ನು ಕಳಿಸಿ ಮರೆಯುವುದು ರೂಢಿ. ಚೆಂಡೇ ಬರದ ಕಡೆ ನಿಂತವರು ಹಿಡಿಯುವುದನ್ನು ಕಲಿಯುವುದಾದರೂ ಹೇಗೆ?

ಇನ್ನೊಂದು ಉಪಾಯ ಇನ್ನೂ ಸುಲಭದ್ದು. ಹನ್ನೆರಡು ವರ್ಷದ ಕ್ಯಾಚರ್ ಕೈಯಿಂದ ಚೆಂಡು ಮೇಲಿಂದ ಮೇಲೆ ಜಾರುತ್ತದೆ. ಜಾರಿದಾಗಲೆಲ್ಲ ಬೇಸ್ ಮೇಲಿದ್ದವರು ಮುಂದಕ್ಕೆ ಓಡಬಹುದು, ನಿಯಮದಲ್ಲಿ ತಡೆಯಿಲ್ಲ. ಹಾಗಾಗಿ ಬ್ಯಾಟು ಬೀಸದೆ ನಿಲ್ಲಿಸಿ, ನಾಲ್ಕು ತಪ್ಪು ಎಸೆತಗಳಿಗೆ ಮೊದಲ ಬೇಸ್ ಗಿಟ್ಟಿಸಿ, ಆಮೇಲೆ ಜಾರಿದ ಚೆಂಡಿಗೊಮ್ಮೆ ಓಡಿಸಿ ರನ್ ಪೇರಿಸುವ ತರಬೇತುದಾರರು ಸಿಗುತ್ತಾರೆ. ಪಂದ್ಯ 15-0 ಆಗುತ್ತದೆ. ಗೆದ್ದ ತಂಡಕ್ಕೆ ಹೊಡೆಯಲು ಬರುವುದಿಲ್ಲ, ಸೋತ ತಂಡದ ಕ್ಯಾಚರ್ ಮರುದಿನ ಮುಖಕವಚ ಮುಟ್ಟುವುದಿಲ್ಲ. ಈ ಕಾರಣಕ್ಕೇ ಅಮೆರಿಕದ ಹಲವು ಮನರಂಜನಾ ಲೀಗ್‌ಗಳು ಕಿರಿಯರ ವಿಭಾಗದಲ್ಲಿ ಹೀಗೆ ಬೇಸ್ ಕದಿಯುವುದಕ್ಕೆ ಮಿತಿ ಹಾಕಿವೆ.

ಆಟದ ನಿಯಮಾವಳಿ ಈ ವಿಷಯದಲ್ಲಿ ತರಬೇತುದಾರರಿಗಿಂತ ಉದಾರವಾಗಿದೆ. ಮೊದಲ ಒಂಬತ್ತರಲ್ಲಿ ಇದ್ದವರನ್ನು ಹೊರಗೆ ಕರೆದು ಬೇರೆಯವರನ್ನು ಇಳಿಸಿ, ಬೇಕಾದಾಗ ಮೊದಲಿನವರನ್ನು ಅದೇ ಬ್ಯಾಟಿಂಗ್ ಸರದಿಗೆ ಒಮ್ಮೆ ವಾಪಸು ಕರೆಸಲು ಸಾಫ್ಟ್‌ಬಾಲ್‌ನಲ್ಲಿ ಅವಕಾಶವಿದೆ. ಕ್ರಿಕೆಟ್‌ನಲ್ಲಾಗಲಿ ಬೇಸ್‌ಬಾಲ್‌ನ ಮೂಲ ನಿಯಮದಲ್ಲಾಗಲಿ ಇಷ್ಟು ಸಡಿಲವಿಲ್ಲ. ಐದು ಇನಿಂಗ್ಸ್ ಮುಗಿದಾಗ ಏಳು ರನ್ ಅಂತರವಿದ್ದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಬಿದ್ದವರನ್ನು ತುಳಿಯುತ್ತಾ ಹೋಗುವ ಪ್ರಮೇಯವೇ ಬರದು. ಅಮೆರಿಕದ ‘ಲಿಟಲ್ ಲೀಗ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಟ್ಟಿಯಲ್ಲಿರುವ ಪ್ರತಿ ಮಗುವೂ ಕನಿಷ್ಠ ಆರು ಔಟ್‌ಗಳಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು ಎಂದು ಕಡ್ಡಾಯ ಮಾಡಿದೆ. ನಮ್ಮ ಶಾಲಾ ಕೂಟಗಳಲ್ಲಿ ಇಂಥ ಕಡ್ಡಾಯ ಕೇಳಿಬರುವುದಿಲ್ಲ.

ಓಣಿಯ ಆಟಗಳಲ್ಲಿ ಮಕ್ಕಳು ಈ ಸಮಸ್ಯೆಯನ್ನು ತಮ್ಮಷ್ಟಕ್ಕೆ ಬಿಡಿಸಿಕೊಂಡಿದ್ದರು. ಲಗೋರಿಗೋ ಮುಟ್ಟಾಟಕ್ಕೋ ಚಿಕ್ಕ ತಮ್ಮ ಹಟ ಹಿಡಿದು ಬಂದರೆ ಅವನನ್ನು ಸೇರಿಸಿಕೊಳ್ಳುತ್ತಿದ್ದರು, ಔಟ್ ಮಾತ್ರ ಮಾಡುತ್ತಿರಲಿಲ್ಲ. ಅಕ್ಕಲಕೋಟದ ಮಕ್ಕಳಿಗೆ ಅವನು ಮರಾಠಿಯ ಲಿಂಬೂಟಿಂಬೂ. ಕನ್ನಡದಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಶಾಲೆಯ ತಂಡದ ಬೆಂಚಿನ ಮೇಲೆ ಕೂತ ಮಗುವಿನ ಪಾಡು ಇದಕ್ಕೆ ತಲೆಕೆಳಗು. ಹದಿನಾರರ ಲೆಕ್ಕದಲ್ಲಿ ಹೆಸರಿದೆ, ಸಮವಸ್ತ್ರವಿದೆ, ಆಟ ಮಾತ್ರ ಇಲ್ಲ.

ಆಡಲು ಬಿಟ್ಟರೆ ಸೋಲುತ್ತೇವೆ ಎಂಬ ಭಯಕ್ಕೆ ಸಂಶೋಧನೆಯ ಉತ್ತರವೊಂದಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮಾಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ತರಬೇತುದಾರರ ಬೆನ್ನು ಹತ್ತಿ, ಅವರು ಯಾವಾಗ ಹೊಗಳುತ್ತಾರೆ, ಯಾವಾಗ ಬೈಯುತ್ತಾರೆ, ತಪ್ಪಾದಾಗ ಏನು ಮಾಡುತ್ತಾರೆ ಎಂದು ದಾಖಲಿಸಿದರು. ತಂಡದ ಸೋಲುಗೆಲುವಿಗೂ ಮಕ್ಕಳು ತರಬೇತುದಾರರನ್ನು ಇಷ್ಟಪಡುವುದಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ಪ್ರಯತ್ನವನ್ನು ಗುರುತಿಸಿ, ತಪ್ಪಿಗೆ ಬೈಯದೆ ತಿದ್ದುವವರೇ ಮಕ್ಕಳಿಗೆ ಮೆಚ್ಚುಗೆಯಾಗಿದ್ದರು. ಇಂಥ ನಡವಳಿಕೆಯನ್ನು ಕೆಲವು ತರಬೇತುದಾರರಿಗೆ ಕಲಿಸಿ ನೋಡಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಕಲಿತವರ ತಂಡಗಳಿಂದ ಮುಂದಿನ ವರ್ಷ ಆಟ ಬಿಟ್ಟ ಮಕ್ಕಳು ಶೇ. 5, ಕಲಿಯದವರ ತಂಡಗಳಿಂದ ಶೇ. 26. ತಂಡಗಳ ಗೆಲುವಿನ ಪ್ರಮಾಣದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಹಳ್ಳಿಯ ಶಾಲೆಯ ಲೆಕ್ಕದಲ್ಲಿ ಇದು ದೊಡ್ಡ ಮಾತು: ಹದಿನಾರರಲ್ಲಿ ನಾಲ್ವರು ಬಿಟ್ಟರೆ ಮುಂದಿನ ವರ್ಷ ತಂಡ ಕಟ್ಟುವುದೇ ಕಷ್ಟ.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ರಾಹುಲ್ ದ್ರಾವಿಡ್. ಭಾರತ ‘ಎ’ ಮತ್ತು 19 ವರ್ಷದೊಳಗಿನವರ ಕ್ರಿಕೆಟ್ ತಂಡಗಳಿಗೆ ತರಬೇತುದಾರರಾಗಿದ್ದಾಗ, ‘ಎ’ ತಂಡದ ಪ್ರವಾಸಕ್ಕೆ ಕರೆದೊಯ್ದ ಪ್ರತಿಯೊಬ್ಬ ಆಟಗಾರನಿಗೂ ಆಡುವ ಅವಕಾಶ ಸಿಗುವಂತೆ ನೋಡಿಕೊಂಡರು. 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಅವರು ಕಿರಿಯರ ಕ್ರಿಕೆಟ್‌ನಲ್ಲಿ ನಡೆಯುವ ವಯಸ್ಸಿನ ವಂಚನೆಯನ್ನು ಪಂದ್ಯ ಮಾರಿಕೊಳ್ಳುವುದಕ್ಕಿಂತ ಕಡಿಮೆಯದೇನಲ್ಲ ಎಂಬಂತೆ ಖಂಡಿಸಿದ್ದರು. ವಯಸ್ಸು ತಿದ್ದಿ ಆಡಿಸುವ ಹಿರಿಯರು ಮಗುವಿಗೆ ಮೊದಲು ಕಲಿಸುವುದು ಸುಳ್ಳನ್ನು ಎಂಬುದು ಅವರ ವಾದದ ತಿರುಳು. ಅವರ ತರಬೇತಿಯ ತಂಡ 2018ರಲ್ಲಿ ಕಿರಿಯರ ವಿಶ್ವಕಪ್ಪನ್ನೂ ಗೆದ್ದಿತು.

ಬೆಂಚಿನ ಮಗುವಿನ ಬಗ್ಗೆ ಅವಸರದ ತೀರ್ಪು ಕೊಡಬಾರದು ಎನ್ನುವುದಕ್ಕೆ ಸೊಲ್ಲಾಪುರದಲ್ಲೇ ಸಾಕ್ಷಿ ಇದೆ. ಈ ಜಿಲ್ಲೆಯ ಕಿರಣ್ ನವಗಿರೆ ಮೊದಲು ಅಥ್ಲೀಟ್, ಭರ್ಜಿ ಎಸೆಯುತ್ತಿದ್ದವರು. ಕ್ರಿಕೆಟ್‌ಗೆ ಬಂದದ್ದು ತಡವಾಗಿ. 2022ರಲ್ಲಿ ನಾಗಾಲ್ಯಾಂಡ್ ಪರ ಮಹಿಳೆಯರ ಟಿ20 ಪಂದ್ಯವೊಂದರಲ್ಲಿ ಔಟಾಗದೆ 162 ರನ್ ಹೊಡೆದರು, ಅದೇ ವರ್ಷ ಭಾರತ ತಂಡಕ್ಕೂ ಆಡಿದರು. ಹದಿಮೂರನೆಯ ವಯಸ್ಸಿನ ಎತ್ತರ, ತೋಳಿನ ಬಲ ನೋಡಿ ಯಾರ ಆಟ ಯಾವುದು ಎಂದು ಹೇಳುವುದು ಭವಿಷ್ಯ ನುಡಿದಂತೆಯೇ.

ಕ್ರೀಡಾಮನೋಭಾವದ ಇನ್ನೊಂದು ಮುಖ ಎದುರಾಳಿಯ ಜೊತೆಗಿನದು. ಇಲ್ಲಿ ಭಾರತದ ಕ್ರಿಕೆಟ್‌ನ ಎರಡು ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಭಾವುಸಾಹೇಬ್ ನಿಂಬಾಳ್ಕರ್ ಕಾಠಿಯಾವಾಡದ ವಿರುದ್ಧ ಔಟಾಗದೆ 443 ರನ್ ಗಳಿಸಿದ್ದರು. ಬ್ರಾಡ್‌ಮನ್ನರ 452ರ ವಿಶ್ವದಾಖಲೆ ಮುರಿಯಲು ಹತ್ತು ರನ್ ಸಾಕಿತ್ತು. ವಿರಾಮದ ಹೊತ್ತಿಗೆ ಎದುರು ತಂಡದ ನಾಯಕ, ರಾಜಕೋಟದ ಠಾಕೂರ ಸಾಹೇಬರು, ತಮ್ಮ ತಂಡಕ್ಕೆ ಆಗುವ ಅವಮಾನ ಸಹಿಸದೆ ಪಂದ್ಯವನ್ನೇ ಬಿಟ್ಟುಕೊಟ್ಟು ಹೊರಟರು. ಇನ್ನೊಂದು, 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿದ್ದಾಗ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎನಿಸಿದ್ದರಿಂದ ಭಾರತದ ನಾಯಕ ಗುಂಡಪ್ಪ ವಿಶ್ವನಾಥ್, ಟೇಲರ್‌ರನ್ನು ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಈ ಕಥೆ ಹೇಳುವಾಗ ಸೋಲಿನ ಭಾಗವನ್ನು ನುಂಗಿಕೊಳ್ಳುವವರಿದ್ದಾರೆ. ಮಕ್ಕಳಿಗೆ ಅದನ್ನೇ ಮೊದಲು ಹೇಳಬೇಕು; ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗಬಹುದು ಎಂಬುದು ಗೊತ್ತಿದ್ದೇ ಮಾಡಿದರೆ ಮಾತ್ರ ಅದು ಪ್ರಾಮಾಣಿಕತೆ.

ಸಾಫ್ಟ್‌ಬಾಲ್‌ನಲ್ಲೇ ಪ್ರಸಿದ್ಧವಾದ ಘಟನೆ 2008ರ ಏಪ್ರಿಲ್ 26ರದು. ಅಮೆರಿಕದ ವೆಸ್ಟರ್ನ್ ಒರೆಗಾನ್ ತಂಡದ ಸಾರಾ ಟುಕೊಲ್‌ಸ್ಕಿ, ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರಬಹುದಾದ ಹೋಮ್ ರನ್ ಅನ್ನು ತನ್ನ ಬದುಕಿನಲ್ಲಿ ಮೊದಲ ಬಾರಿ ಹೊಡೆದಳು. ಮುಟ್ಟಲು ಮರೆತ ಮೊದಲ ಬೇಸಿಗೆ ತಿರುಗುವಾಗ ಮೊಣಕಾಲು ಉಳುಕಿ ಕುಸಿದಳು. ಅವಳ ತಂಡದವರು ನೆರವಾದರೆ ಔಟ್, ಬದಲಿ ಓಟಗಾರ್ತಿ ಬಂದರೆ ಹೋಮ್ ರನ್ ಲೆಕ್ಕಕ್ಕಿಲ್ಲ ಎಂದಿತು ಅಂಪೈರರ ತೀರ್ಪು. ಎದುರು ತಂಡವಾದ ಸೆಂಟ್ರಲ್ ವಾಷಿಂಗ್ಟನ್‌ನ ಮ್ಯಾಲರಿ ಹೋಲ್ಟ್‌ಮನ್ ಮತ್ತು ಲಿಜ್ ವ್ಯಾಲೇಸ್ ಅವಳನ್ನು ಎತ್ತಿಕೊಂಡು, ಉಳಿದ ಒಂದೊಂದು ಬೇಸಿಗೂ ಕಾಲು ತಾಗಿಸುತ್ತಾ ಸುತ್ತು ಪೂರ್ತಿ ಮಾಡಿಸಿದರು. ಹೊತ್ತವರ ತಂಡ 4-2ರಿಂದ ಸೋತಿತು. ಅವರಿಗೆ ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ, ಯೋಚನೆ ಆಟಗಾರ್ತಿಯರದ್ದೇ. ಇಂಥದ್ದನ್ನು ಪಂದ್ಯದ ದಿನ ಕಲಿಸಲು ಆಗುವುದಿಲ್ಲ.

ಅಭ್ಯಾಸದಲ್ಲಿ ಕಲಿಸಲು ಆಗುತ್ತದೆ, ಅದೂ ಉಪದೇಶವಿಲ್ಲದೆ. ಅಭ್ಯಾಸ ಪಂದ್ಯದಲ್ಲಿ ಸರದಿಯಂತೆ ಮಕ್ಕಳನ್ನೇ ಅಂಪೈರ್ ಮಾಡಿದರೆ ತೀರ್ಪು ಕೊಡುವ ಕಷ್ಟ ಅವರಿಗೆ ತಿಳಿಯುತ್ತದೆ. ಎಲ್ಲರಿಂದಲೂ ಪಿಚಿಂಗ್ ಮಾಡಿಸಿದರೆ ಒಬ್ಬರ ತೋಳಿಗೆ ಬಿಡುವು ಸಿಗುತ್ತದೆ, ಇನ್ನೂ ಇಬ್ಬರು ಪಿಚರ್‌ಗಳು ಹುಟ್ಟಿಕೊಳ್ಳಲೂಬಹುದು. ಅಂತರ ಹೆಚ್ಚಿದಾಗ ಬೇಸ್ ಕದಿಯುವುದನ್ನು ನಿಲ್ಲಿಸಿ, ಹೊಡೆದೇ ರನ್ ಗಳಿಸಿ ಎಂದರೆ ಎರಡೂ ತಂಡಕ್ಕೆ ಕಲಿಕೆ. ಬೇಕೆಂದೇ ಔಟಾಗಿ ಎನ್ನುವುದು ಮಾತ್ರ ಎದುರಿನವರಿಗೆ ಮಾಡುವ ಅವಮಾನ, ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅಣಕದ ಮಾತಿಗೆ ಆರಂಭದಲ್ಲೇ ಬೇಲಿ ಹಾಕಬೇಕು. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಎದುರುಬದುರಾಗುವ ಈ ಗಡಿಭಾಗದಲ್ಲಿ ಆಟದ ಅಣಕ ಭಾಷೆಯ ಕಡೆಗೋ ಜಾತಿಯ ಕಡೆಗೋ ಹೊರಳಲು ಹೆಚ್ಚು ಹೊತ್ತು ಬೇಕಿಲ್ಲ.

ನಾಕ್‌ಔಟ್ ಪಂದ್ಯದ ದಿನ ಹದಿನಾರೂ ಮಕ್ಕಳಿಗೆ ಸಮಪಾಲು ಕೊಡಲು ಆಗದಿರಬಹುದು. ವರ್ಷದ ಅಭ್ಯಾಸ ಪಂದ್ಯಗಳು ತರಬೇತುದಾರರ ಕೈಯಲ್ಲೇ ಇವೆ. ಪಕ್ಕದ ಊರಿನ ಶಾಲೆಯೊಂದಿಗೆ ಶನಿವಾರ ಮಧ್ಯಾಹ್ನ ನಡೆಸುವ ಸ್ನೇಹಪಂದ್ಯದಲ್ಲಿ ಅಂಕ, ಪ್ರಮಾಣಪತ್ರ ಯಾವುದೂ ಪಣದಲ್ಲಿಲ್ಲ. ಅಲ್ಲಿ ರೈಟ್ ಫೀಲ್ಡ್‌ನವರನ್ನು ಚೆಂಡು ಹೆಚ್ಚು ಬರುವ ಶಾರ್ಟ್‌ಸ್ಟಾಪ್‌ ಜಾಗಕ್ಕೆ ತಂದು ನಿಲ್ಲಿಸಬಹುದು. ದೊಡ್ಡ ಪಂದ್ಯಕ್ಕೆ ಯಾರು ಯಾಕೆ ಮೊದಲ ಒಂಬತ್ತರಲ್ಲಿದ್ದಾರೆ ಎಂಬುದನ್ನು ಹಿಂದಿನ ದಿನವೇ ಮಕ್ಕಳಿಗೆ ಬಿಡಿಸಿ ಹೇಳುವುದಕ್ಕೆ ಖರ್ಚೇನೂ ಇಲ್ಲ. ಪಾಲಕರ ಕೂಗಾಟ ಅಮೆರಿಕದ ಲೀಗ್‌ಗಳ ದೊಡ್ಡ ತಲೆನೋವು. ಇಲ್ಲಿ ಶಾಲಾ ಪಂದ್ಯಗಳು ಹೆಚ್ಚಾಗಿ ಕೆಲಸದ ದಿನ ನಡೆಯುವುದರಿಂದ ಅವರು ಬರುವುದೇ ಅಪರೂಪ. ಬೆಂಚಿನ ಮಗುವಿನ ಪರವಾಗಿ ಕೇಳುವವರು ಮೈದಾನದಲ್ಲಿ ಯಾರೂ ಇರುವುದಿಲ್ಲ, ಹಾಗಾಗಿ ಆ ಕೆಲಸವೂ ಪಟ್ಟಿ ಬರೆಯುವವರ ಮೇಲೆಯೇ ಬೀಳುತ್ತದೆ.