ಯಶವಂತಪುರದ ನಿವಾಸಿಗಳ ಸಾಮಾಜಿಕ-ಆರ್ಥಿಕ ವರ್ಗೀಕರಣ: ಒಂದು ವಿವೇಚನೆ

ಜನಸಮುದಾಯವನ್ನು ಸಾಮಾಜಿಕ-ಆರ್ಥಿಕ ಸ್ಥಿತಿಗತಿಗಳ ಆಧಾರದ ಮೇಲೆ ವರ್ಗೀಕರಿಸುವುದು ಸಮಾಜಶಾಸ್ತ್ರದ ರೂಢಿಗತ ಕಾರ್ಯಗಳಲ್ಲೊಂದು. ಇಡೀ ನಗರಕ್ಕೆ ಒಪ್ಪುವ ಅಳತೆಗೋಲು ಅದರ ಒಂದು ಕಿರುಪ್ರದೇಶಕ್ಕೂ ಒಪ್ಪುವುದೇ ಎಂಬ ಪ್ರಶ್ನೆಗೆ ಬೆಂಗಳೂರಿನ ಯಶವಂತಪುರ ಉತ್ತಮ ನಿದರ್ಶನ. ರೈಲು ನಿಲ್ದಾಣ, ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ ಮತ್ತು ಕೈಗಾರಿಕಾ ಉಪನಗರ ಈ ಮೂರೂ ಸೇರಿ ರೂಪಿಸಿದ ಪ್ರದೇಶವಿದು. ಮಂಡಿ ಮಾಲೀಕರು, ದಲ್ಲಾಳಿಗಳು, ಗುಮಾಸ್ತರು, ಹಮಾಲರು, ಕಾರ್ಖಾನೆಯ ಕಾರ್ಮಿಕರು ಇಲ್ಲಿ ಒಂದೇ ಪರಿಸರವನ್ನು ಅವಲಂಬಿಸಿ ಬದುಕು ಕಟ್ಟಿಕೊಂಡಿದ್ದಾರೆ.

ನಗರವಾಸಿ ಕುಟುಂಬಗಳ ಅಧ್ಯಯನದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮನಶ್ಶಾಸ್ತ್ರಜ್ಞ ಬಿ. ಕುಪ್ಪುಸ್ವಾಮಿಯವರ ಹೆಸರಿನ ಮಾಪಕ. 1976ರಲ್ಲಿ ಪ್ರಕಟವಾದ ಇದು ಕುಟುಂಬದ ಯಜಮಾನನ ವಿದ್ಯೆಗೆ ಗರಿಷ್ಠ 7, ವೃತ್ತಿಗೆ 10, ಕುಟುಂಬದ ಮಾಸಿಕ ಆದಾಯಕ್ಕೆ 12 ಅಂಕಗಳನ್ನು ನೀಡಿ, ಒಟ್ಟು ಅಂಕಗಳಿಂದ ಐದು ವರ್ಗಗಳನ್ನು ಗುರುತಿಸುತ್ತದೆ. ಬೆಲೆಯೇರಿಕೆಗೆ ಅನುಗುಣವಾಗಿ ಆದಾಯದ ಮಿತಿಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುತ್ತದೆ.

ಈ ಮಾಪಕವನ್ನು ಮಾರುಕಟ್ಟೆಯ ಪ್ರಾಂಗಣಕ್ಕೆ ಅನ್ವಯಿಸಿದಾಗ ಅದರ ಮಿತಿಗಳು ಸ್ಪಷ್ಟವಾಗುತ್ತವೆ. ಮೂಲ ಮಾಪಕದಲ್ಲಿ ಅಂಗಡಿಯ ಮಾಲೀಕನಿಗೂ ಗುಮಾಸ್ತನಿಗೂ ವೃತ್ತಿಯ ಅಂಕ 5 ಮಾತ್ರ. ಗಾದಿಯ ಮೇಲೆ ಕುಳಿತವನಿಗೂ ಲೆಕ್ಕ ಬರೆಯುವವನಿಗೂ ಇರುವ ಅಂತರವನ್ನು ಆದಾಯವೊಂದೇ ತೋರಿಸಬೇಕು. ಹಮಾಲರ ವಿಷಯ ಇನ್ನೂ ಗಂಭೀರವಾದುದು. ಪ್ರಾಥಮಿಕ ಶಾಲೆ ಮುಗಿಸಿದ ಹಮಾಲನಿಗೆ ವಿದ್ಯೆಗೆ 2, ಕುಶಲವಲ್ಲದ ದುಡಿಮೆಗೆ 2, ಆದಾಯಕ್ಕೆ ಕನಿಷ್ಠ 1, ಹೀಗೆ 5 ಅಂಕ ಖಚಿತ. ಅತ್ಯಂತ ಕೆಳಗಿನ ವರ್ಗಕ್ಕೆ ಸೇರಬೇಕಾದರೆ ಅಂಕ ಐದಕ್ಕಿಂತ ಕಡಿಮೆಯಿರಬೇಕು. ಆದಕಾರಣ ಮೂಟೆ ಹೊರುತ್ತಿರುವವರೆಗೆ, ಗಳಿಕೆ ಎಷ್ಟೇ ಕುಸಿದರೂ ಆತ ಆ ವರ್ಗಕ್ಕೆ ಸೇರಲಾರ. ಬಾಲ್ಯದಲ್ಲಿ ಪಡೆದ ಅಲ್ಪ ವಿದ್ಯೆಯೇ ಆತನ ಇಂದಿನ ಬಡತನವನ್ನು ಮರೆಮಾಡುತ್ತದೆ.

ಕುಟುಂಬವನ್ನು ಬಿಟ್ಟು ಬೀದಿಯನ್ನೇ ಅಳೆಯುವ ಕ್ರಮವೂ ಉಂಟು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2008ರಲ್ಲಿ ಜಾರಿಗೆ ತಂದ ಆಸ್ತಿ ತೆರಿಗೆ ಪದ್ಧತಿಯಲ್ಲಿ ಮಾರ್ಗಸೂಚಿ ಬೆಲೆಯನ್ನು ಆಧರಿಸಿ ಬೀದಿಗಳನ್ನು 'ಎ'ಯಿಂದ 'ಎಫ್'ವರೆಗೆ ಆರು ವಲಯಗಳಾಗಿ ವಿಂಗಡಿಸಲಾಯಿತು. ತೆರಿಗೆಗೆ ಇದು ಯುಕ್ತವಾದರೂ ನಿವಾಸಿಗಳ ಸ್ಥಿತಿಗೆ ಕನ್ನಡಿಯಾಗಲಾರದು. 2014ರಲ್ಲಿ ಯಶವಂತಪುರಕ್ಕೆ ಮೆಟ್ರೊ ಬಂದಿತು. ಇಂತಹ ಸೌಕರ್ಯದಿಂದ ನೆಲದ ಬೆಲೆ ಏರಿದಾಗ ಸ್ವಂತ ಮನೆಯುಳ್ಳವನ ಸಂಪತ್ತು ಬೆಳೆಯುತ್ತದೆ. ಅದೇ ಮನೆಯ ಹಿಂಬದಿಯ ಕೋಣೆಯಲ್ಲಿರುವವನಿಗೆ ಬಾಡಿಗೆಯ ಭಾರ ಹೆಚ್ಚುತ್ತದೆ. ಬೀದಿ ಮೇಲೇರಿದಂತೆಲ್ಲ ಬಾಡಿಗೆದಾರ ಕೆಳಗಿಳಿಯುವುದು ಸಾಧ್ಯ.

ಹೀಗಾಗಿ ಕಿರುಪ್ರದೇಶದ ವರ್ಗೀಕರಣಕ್ಕೆ ವಿದ್ಯೆ, ವೃತ್ತಿ, ಆದಾಯಗಳ ಜೊತೆಗೆ ಇನ್ನೂ ಮೂರು ಪ್ರಶ್ನೆಗಳು ಅವಶ್ಯ: ಮನೆ ಸ್ವಂತದ್ದೋ ಬಾಡಿಗೆಯದೋ? ತಿಂಗಳಲ್ಲಿ ಎಷ್ಟು ದಿನ ಕೆಲಸ ದೊರೆಯುತ್ತದೆ? ದುಡಿಮೆ ನಿಂತ ದಿನ ಕೈಹಿಡಿಯುವ ಸಂಬಳ, ಪಿಂಚಣಿ, ಉಳಿತಾಯಗಳಲ್ಲಿ ಯಾವುದಿದೆ? ಪಡಿತರ, ವಸತಿ, ವೈದ್ಯಕೀಯ ನೆರವುಗಳು ಯಾರಿಗೆ ಸಲ್ಲಬೇಕೆಂಬ ನಿರ್ಣಯ ಇಂತಹ ವಿಂಗಡಣೆಯನ್ನೇ ಅವಲಂಬಿಸಿದಾಗ, ಒಂದು ಅಂಕದ ವ್ಯತ್ಯಾಸ ಒಂದು ಕುಟುಂಬದ ಅನ್ನದ ಪ್ರಶ್ನೆಯಾಗುತ್ತದೆ.