ನಮ್ಮ ಕೆರೆಗಳ ಗುಳುಮುಳುಕ

ಗ್ರೀನ್‌ಲ್ಯಾಂಡ್, ಸ್ವಾಲ್ಬಾರ್ಡ್ ಮೊದಲಾದ ಉತ್ತರ ಧ್ರುವಪ್ರಾಂತದ ಕಡಲಂಚಿನ ಬಂಡೆಗಳ ಸಂದುಗಳಲ್ಲಿ ಲಕ್ಷೋಪಲಕ್ಷವಾಗಿ ನೆರೆದು, ಜೋಡಿಗೊಂದೇ ಮೊಟ್ಟೆಯಿಟ್ಟು, ಹಿಮಶೀತಲ ಜಲದಲ್ಲಿ ಮುಳುಗಿ ಸಣ್ಣ ಜಲಚರಗಳನ್ನು ಹೆಕ್ಕಿ ತಂದು ಮರಿಗೆ ಉಣಿಸುವ ಪುಟ್ಟ ಆಕ್ ಪಕ್ಷಿಯನ್ನು ಕಾಣುವ ಭಾಗ್ಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯವರಿಗಿಲ್ಲ. ಆದರೆ ಅದರ ವೃತ್ತಿಯನ್ನೇ ಕೈಗೊಂಡ, ಗಾತ್ರದಲ್ಲಿ ಅದಕ್ಕಿಂತ ತುಸುವೇ ಹಿರಿದಾದ ಹಕ್ಕಿಯೊಂದು ನಮ್ಮ ಕೆರೆಗಳಲ್ಲಿಯೇ ಉಂಟು. ಅದೇ ಗುಳುಮುಳುಕ.

ಸುಮಾರು 25 ಸೆಂಟಿಮೀಟರ್ ಉದ್ದದ, ಬಾಲವೇ ಇಲ್ಲವೆಂಬಂತೆ ತೋರುವ ಈ ದುಂಡು ಹಕ್ಕಿಯನ್ನು ಬಾತುಮರಿಯೆಂದು ಭಾವಿಸುವವರೇ ಹೆಚ್ಚು. ಆಕ್ ಪಕ್ಷಿ ನೀರೊಳಗೆ ರೆಕ್ಕೆ ಬಡಿದು ಸಾಗಿದರೆ, ಗುಳುಮುಳುಕ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಕಾಲುಗಳಿಂದಲೇ ಈಜುತ್ತದೆ. ಅದರ ಬೆರಳುಗಳ ಇಕ್ಕೆಲದಲ್ಲಿರುವ ಅಗಲ ಚರ್ಮದ ಪಟ್ಟಿಗಳು ಹಿಂದಕ್ಕೆ ಒದೆಯುವಾಗ ಅರಳಿ, ಮುಂದಕ್ಕೆ ಎಳೆಯುವಾಗ ಮಡಿಚಿಕೊಳ್ಳುತ್ತವೆ. ಆ ಕಾಲುಗಳು ದೇಹದ ತುತ್ತತುದಿಯಲ್ಲಿರುವುದರಿಂದ ಜಲದಲ್ಲಿ ಅಷ್ಟು ಚತುರವಾದ ಜೀವಿ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯುವುದಕ್ಕೂ ತಡವರಿಸುತ್ತದೆ. ಅಪಾಯ ಕಂಡೊಡನೆ ಗರಿಗಳ ನಡುವಣ ಗಾಳಿಯನ್ನು ಒತ್ತಿ ಹೊರದೂಡಿ, ತಲೆಯೊಂದನ್ನೇ ಮೇಲಿರಿಸಿ ಮೈಯನ್ನೆಲ್ಲ ಮುಳುಗಿಸಿಬಿಡುವ ಅದರ ಕೌಶಲ ನನಗಂತೂ ಪರಮಾಶ್ಚರ್ಯಕರ.

ಜೊಂಡಿಗೆ ಆತುಕೊಂಡು ತೇಲುವ, ಕೊಳೆತ ಪಾಚಿಯ ಕುಪ್ಪೆಯೇ ಅದರ ಗೂಡು. ಗೂಡು ಬಿಟ್ಟು ಹೊರಡುವ ಮುನ್ನ ಮೊಟ್ಟೆಗಳ ಮೇಲೆ ಕಳೆಯನ್ನೆಳೆದು ಮುಚ್ಚುವುದರಿಂದ, ಬೆಳ್ಳಗಿದ್ದ ಅವು ದಿನಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತವೆ. ಪಟ್ಟೆಪಟ್ಟೆಯ ಮರಿಗಳು ತಾಯಿತಂದೆಯರ ಬೆನ್ನೇರಿ ಸವಾರಿ ಮಾಡುವುದೂ ಉಂಟು.

ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡುಕಟ್ಟುವ ಬಣ್ಣದ ಕೊಕ್ಕರೆಗಳನ್ನು ಗ್ರಾಮಸ್ಥರು ಮನೆಮಕ್ಕಳಂತೆ ಕಾಯ್ದಿರುವುದು ಸ್ತುತ್ಯವಾದ ಸಂಗತಿ. ಕಣ್ಣಿಗೆ ಅಷ್ಟಾಗಿ ಬೀಳದ ಗುಳುಮುಳುಕಕ್ಕೆ ಆ ಆದರ ದೊರೆತಿಲ್ಲ. ಹೂಳೆತ್ತುವ ಭರದಲ್ಲಿ ಕೆರೆಯಂಗಳದ ಜೊಂಡನ್ನೆಲ್ಲ ಬುಡಸಮೇತ ಕಿತ್ತೊಗೆದರೆ ಗೂಡಿಗೆ ಆಧಾರವೇ ಇಲ್ಲದಂತಾಗುತ್ತದೆ. ಹಿನ್ನೀರಿನ ಒಂದು ಮೂಲೆಯನ್ನಾದರೂ ಅದಕ್ಕೆ ಬಿಡುವುದು ಕಷ್ಟವಲ್ಲ.

ಮಳೆ ಕೈಕೊಟ್ಟು ಕೆರೆ ಬತ್ತಿದಾಗ ಈ ಹಕ್ಕಿ ಎಲ್ಲಿ ಹೋಯಿತು, ಮತ್ತೆ ತುಂಬಿದಾಗ ಎಲ್ಲಿಂದ ಬಂದಿತು ಎಂದು ಬೆರಗಾಗುವವರುಂಟು. ಹಗಲಿನಲ್ಲಿ ನೀರಿನ ಮೇಲೆ ರೆಕ್ಕೆ ಬಡಿಯುತ್ತ ಓಡಿ, ಸ್ವಲ್ಪ ದೂರ ಹಾರಿ ಮತ್ತೆ ಕೆಳಗಿಳಿಯುವ ಗುಳುಮುಳುಕ, ಒಂದು ಕೆರೆಯಿಂದ ಮತ್ತೊಂದಕ್ಕೆ ವಲಸೆ ಹೋಗುವುದು ಸಾಮಾನ್ಯವಾಗಿ ರಾತ್ರಿಯಲ್ಲಿಯೇ.