ಮನೆಯ ಕಂಪ್ಯೂಟರಿಗೂ ಕೀಲಿ ಬೇಕು



ಸಾತಬಾರಾ ಉತಾರ, ಆಧಾರ ಕಾರ್ಡಿನ ಪ್ರತಿ, ಕಬ್ಬಿನ ಬಿಲ್ಲಿನ ಲೆಕ್ಕ ಈಗ ಮನೆಯ ಕಂಪ್ಯೂಟರಿನಲ್ಲಿರುತ್ತವೆ. ಅದರಲ್ಲೇ ಮಕ್ಕಳು ಆಡುತ್ತಾರೆ, ಬಂದವರೂ ಕೂಡುತ್ತಾರೆ. ತಿಜೋರಿಗೆ ಕೀಲಿ ಹಾಕುವ ನಾವು ಇದನ್ನು ತೆರೆದಿಡುವುದು ಸರಿಯೇ?

ಫೈಲನ್ನು ಬಚ್ಚಿಟ್ಟರೆ ಸಾಲದು. ವಿಂಡೋಸ್‌ನಲ್ಲಿ ಬಚ್ಚಿಟ್ಟದ್ದನ್ನು ಒಂದೆರಡು ಗುಂಡಿ ಒತ್ತಿ ಯಾರಾದರೂ ಕಾಣಬಹುದು. ಆದ್ದರಿಂದ ಹೀಗೆ ಮಾಡಿರಿ:

1. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆದು ಪಾಸ್‌ವರ್ಡ್ ಇಡಿರಿ. ಕಾಗದಪತ್ರ ನಿಮ್ಮ ಖಾತೆಯ ಡಾಕ್ಯುಮೆಂಟ್ಸ್‌ನಲ್ಲಿರಲಿ. ಡಿ ಡ್ರೈವಿನಲ್ಲಿಟ್ಟದ್ದು ಸಾಮಾನ್ಯವಾಗಿ ಎಲ್ಲರಿಗೂ ತೆರೆಯುತ್ತದೆ.

2. ಅಡ್ಮಿನಿಸ್ಟ್ರೇಟರ್ ಖಾತೆಯವರು ಉಳಿದವರ ಫೈಲನ್ನೂ ತೆರೆಯಬಲ್ಲರು. ಆ ಅಧಿಕಾರ ಒಬ್ಬರಲ್ಲೇ ಇರಲಿ. ಉಳಿದವರಿಗೆ ಸ್ಟ್ಯಾಂಡರ್ಡ್ ಖಾತೆ ಸಾಕು.

3. ಅವರಿಗೂ ಕಾಣಬಾರದ ಲೆಕ್ಕವಿದ್ದರೆ ಎಕ್ಸೆಲ್ ಫೈಲಿಗೇ ಪಾಸ್‌ವರ್ಡ್ ಹಾಕಿರಿ. ಮರೆತರೆ ಕಂಪನಿಯವರೂ ತೆರೆದುಕೊಡಲಾರರು.

4. ಎದ್ದು ಹೋಗುವಾಗ ವಿಂಡೋಸ್ ಗುಂಡಿಯ ಜೊತೆ ಎಲ್ ಒತ್ತಿರಿ. ಮತ್ತೆ ಪಾಸ್‌ವರ್ಡ್ ಕೊಟ್ಟರೇ ತೆರೆಯುತ್ತದೆ.

ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತಿಜೋರಿಯಲ್ಲಿಡಿರಿ. ನಂಬಿಕೆಯ ಒಬ್ಬರಿಗೆ ಆ ಜಾಗ ಗೊತ್ತಿರಲಿ. ನಾಳೆ ನಮಗೆ ಏನಾದರೂ ಆದರೆ ಹೆಂಡತಿ ಮಕ್ಕಳು ಒಂದು ಉತಾರಕ್ಕಾಗಿ ಅಲೆಯಬಾರದು. ಕೀಲಿ ಹಾಕುವುದು ಮನೆಯವರ ಮೇಲಿನ ಅವಿಶ್ವಾಸವಲ್ಲ. ಮನೆಯ ಹಿತವೇ ಅದರ ಉದ್ದೇಶ.